ಅಜ್ಜನ ಫೈಲಿನ ತುಂಬ ಪೌಂಡ್ ಚಿಹ್ನೆ

"ಅಮ್ಮಾ, ಅಜ್ಜ ಇಷ್ಟೊಂದು ದುಡ್ಡಿನ ಲೆಕ್ಕ ಯಾಕೆ ಬರೆದಿಟ್ಟಿದ್ದಾರೆ?"

ಈಸ್ಟರ್ ರಜೆಯ ಒಂದು ಬೆಳಿಗ್ಗೆ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಕೇಳಿದಳು. ಹೋಗಿ ನೋಡಿದರೆ ಪರದೆಯ ತುಂಬ ಪೌಂಡ್ ಚಿಹ್ನೆಗಳು. ಅವುಗಳ ನಡುವೆ ಇಂಗ್ಲಿಷಿನ ಪಿ, ಕ್ಯೂ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಅಲ್ಲಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ. ಲೀಡ್ಸ್‌ನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಪೌಂಡ್ ಕಂಡರೆ ಲೆಕ್ಕ ಅನಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಅದು ಲೆಕ್ಕವಲ್ಲ. ನಮ್ಮ ಮಾವನವರು ತಮ್ಮ ಬಾಲ್ಯದ ಬಗ್ಗೆ ಕನ್ನಡದಲ್ಲಿ ಬರೆದ ನಲವತ್ತು ಪುಟ.

ಮಾವ ಶಿರಸಿ ಕಡೆಯವರು, ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ, 2005ರ ಸುಮಾರಿಗೆ, ಹಟ ಹಿಡಿದು ಕಂಪ್ಯೂಟರ್ ಕಲಿತರು. ನುಡಿ ತಂತ್ರಾಂಶದಲ್ಲಿ ಒಂದೊಂದೇ ಕೀಲಿ ಒತ್ತಿ ಟೈಪ್ ಮಾಡಿದರು. ಮಳೆಗಾಲದಲ್ಲಿ ಸಂಕ ದಾಟಿ ಶಾಲೆಗೆ ಹೋಗುತ್ತಿದ್ದದ್ದು, ಅಡಿಕೆ ಸುಲಿಯುವ ರಾತ್ರಿಗಳು, ಯಕ್ಷಗಾನ ನೋಡಲು ದೊಂದಿ ಹಿಡಿದು ನಡೆದದ್ದು, ಎಲ್ಲ ಅದರಲ್ಲಿದೆ ಎಂದು ಕೇಳಿ ಗೊತ್ತಿತ್ತು, ಓದಿರಲಿಲ್ಲ. ಪ್ರಿಂಟ್ ತೆಗೆದ ಪ್ರತಿ ಗೆದ್ದಲಿನ ಪಾಲಾಯಿತು. ಕಂಪ್ಯೂಟರ್ ಗುಜರಿಗೆ ಹೋಯಿತು. ಉಳಿದದ್ದು ನಾವು ಇಂಗ್ಲೆಂಡಿಗೆ ಹೊರಟಾಗ ಕೈಗೆ ಕೊಟ್ಟ ಒಂದು ಸಿಡಿ ಮಾತ್ರ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದ್ದರಿಂದ ಅದು ವರ್ಷಗಟ್ಟಲೆ ಡ್ರಾಯರ್‌ನಲ್ಲೇ ಕೂತಿತ್ತು. ಮಾವನಿಗೆ ಈಗ 84. ಕಣ್ಣು ಮಂಜಾಗಿದೆ. ಇನ್ನೊಮ್ಮೆ ಬರೆಯಿರಿ ಎನ್ನುವ ಹಾಗಿಲ್ಲ. ಪಕ್ಕದ ಮನೆಯವರಿಂದ ಸಿಡಿ ಡ್ರೈವ್ ಎರವಲು ತಂದು ಫೈಲ್ ತೆರೆದರೆ ಈ ಪೌಂಡ್‌ಗಳ ರಾಶಿ!

ಫೈಲ್ ಹಾಳಾಗಿರಲಿಲ್ಲ. ಅದನ್ನು ತೋರಿಸಲು ಬೇಕಾದ ಇನ್ನೊಂದು ಫೈಲ್, ಅಂದರೆ ನುಡಿಯ ಫಾಂಟ್, ನಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಅಷ್ಟೇ ಆಗಿದ್ದರೆ ಮನೆಯಲ್ಲಿ ಉಪ್ಪು ಮುಗಿದ ಹಾಗೆ, ತಂದರೆ ಆಯಿತು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಇವತ್ತಿನ ಕಂಪ್ಯೂಟರ್ ಬೇಕಾದ್ದೆಲ್ಲವನ್ನೂ ತಾನೇ ಡೌನ್‌ಲೋಡ್ ಮಾಡಿಕೊಳ್ಳುತ್ತದೆ. ಹಾಗಿದ್ದರೆ ಇದನ್ನೇಕೆ ತರಿಸಿಕೊಳ್ಳಲಿಲ್ಲ? "ಇದು ಇಲ್ಲ, ತರಲೇ?" ಎಂದು ಒಂದು ಮಾತೂ ಕೇಳಲಿಲ್ಲವಲ್ಲ?

ಉತ್ತರ ಹುಡುಕುತ್ತಾ ಹೋದರೆ ಕಥೆ ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆ ದೂರದ ಮ್ಯಾಂಚೆಸ್ಟರಿಗೆ ಬಂದು ನಿಂತಿತು.

ಮಕ್ಕಳೇ, ನಿಮ್ಮಲ್ಲಿ ಕೆಲವರು ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಕೈಗಾರಿಕೆ ಮ್ಯೂಸಿಯಂನಲ್ಲಿ 'ಬೇಬಿ' ಕಂಪ್ಯೂಟರಿನ ಪ್ರತಿಕೃತಿ ನೋಡಿರಬಹುದು. ತನ್ನ ನೆನಪಿನಲ್ಲೇ ಪ್ರೋಗ್ರಾಂ ಇಟ್ಟುಕೊಂಡು ಓಡಿಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು, 1948ರ ಜೂನ್ 21ರಂದು. ಅದನ್ನು ಕಟ್ಟಿದವರಲ್ಲಿ ಟಾಮ್ ಕಿಲ್ಬರ್ನ್ ಒಬ್ಬರು. ಹುಟ್ಟಿದ್ದು ನಮ್ಮ ಲೀಡ್ಸ್ ಪಕ್ಕದ ಡ್ಯೂಸ್‌ಬರಿಯಲ್ಲಿ, 1921ರಲ್ಲಿ. ಇದೇ ಕಿಲ್ಬರ್ನ್ ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಫೆರಾಂಟಿ ಕಂಪನಿಯ ಜೊತೆ ಸೇರಿ 'ಅಟ್ಲಾಸ್' ಎಂಬ ದೊಡ್ಡ ಯಂತ್ರ ಕಟ್ಟಿದರು. 1962ರ ಡಿಸೆಂಬರ್ 7ರಂದು ಅದರ ಉದ್ಘಾಟನೆ. ಆ ಕಾಲಕ್ಕೆ ಜಗತ್ತಿನ ಅತಿ ವೇಗದ ಕಂಪ್ಯೂಟರುಗಳಲ್ಲಿ ಒಂದು.

ಅಟ್ಲಾಸ್‌ಗೆ ಎರಡು ಬಗೆಯ ನೆನಪು ಇತ್ತು. ಒಂದು ವೇಗದ್ದು, ಚಿಕ್ಕದು: 16,384 ಪದಗಳಷ್ಟು ಜಾಗ. ಇನ್ನೊಂದು ತಿರುಗುವ ಡ್ರಮ್‌ಗಳ ಮೇಲಿನದು, ನಿಧಾನ, ಆದರೆ ಆರು ಪಟ್ಟು ದೊಡ್ಡದು. ಇಲ್ಲಿ 'ಪದ' ಎಂದರೆ ನಮ್ಮ ಶಬ್ದವಲ್ಲ, ಆ ಯಂತ್ರ ಒಂದು ಸಲಕ್ಕೆ ಹಿಡಿಯುವ 48 ಬಿಟ್‌ಗಳ ಒಂದು ತುತ್ತು. ಈಗಿನ ಲೆಕ್ಕದಲ್ಲಿ ಆ ವೇಗದ ನೆನಪು ಪೂರ್ತಿ 96 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು!

ಅಡುಗೆಮನೆಗೆ ಹೋಲಿಸಿದರೆ ಸುಲಭ. ಒಲೆಯ ಪಕ್ಕದ ಒಗ್ಗರಣೆ ಡಬ್ಬಿ ವೇಗದ ನೆನಪು. ಕೈ ಚಾಚಿದರೆ ಸಾಸಿವೆ, ಜೀರಿಗೆ, ಇಂಗು. ಆದರೆ ಅದರಲ್ಲಿ ಬಟ್ಟಲು ಏಳೇ. ಗ್ಯಾರೇಜಿನ ಶೆಲ್ಫು ಡ್ರಮ್ ಇದ್ದ ಹಾಗೆ. ಊರಿಂದ ತಂದ ಸಾರಿನ ಪುಡಿ, ಐದು ಕಿಲೋ ತೊಗರಿಬೇಳೆ, ಎಲ್ಲ ಅಲ್ಲಿ. ಅದಕ್ಕೂ ಆಚೆ ಅಂಗಡಿ.

ಅಟ್ಲಾಸ್‌ಗಿಂತ ಮೊದಲು, ಯಾವುದು ಯಾವಾಗ ಗ್ಯಾರೇಜಿನಿಂದ ಒಲೆ ಹತ್ತಿರ ಬರಬೇಕು, ಯಾವುದು ವಾಪಸ್ ಹೋಗಬೇಕು ಎಂದು ಪ್ರೋಗ್ರಾಂ ಬರೆಯುವವರೇ ಮುಂಚಿತವಾಗಿ ಲೆಕ್ಕ ಹಾಕಿ ಬರೆಯಬೇಕಿತ್ತು. ಅರ್ಧ ತಲೆನೋವು ಅದರದ್ದೇ. ಕಿಲ್ಬರ್ನ್ ಮತ್ತು ಅವರ ಜೊತೆಗಾರರು ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದರು. ಮಾಹಿತಿಯನ್ನು 512 ಪದಗಳ 'ಪುಟ'ಗಳಾಗಿ ಕತ್ತರಿಸಿದರು. ವೇಗದ ನೆನಪಿನಲ್ಲಿ 32 ಪುಟಕ್ಕೆ ಜಾಗ. ಪ್ರತಿ ಜಾಗಕ್ಕೂ ಒಂದು ಫಲಕ, ಈಗ ಇಲ್ಲಿ ಇಂಥ ಪುಟ ಇದೆ ಎಂದು ಹೇಳುವುದಕ್ಕೆ. ಪ್ರೋಗ್ರಾಂ ಒಂದು ಪುಟ ಕೇಳಿದ ತಕ್ಷಣ ಯಂತ್ರ 32 ಫಲಕಗಳನ್ನೂ ಒಟ್ಟಿಗೆ ನೋಡುತ್ತಿತ್ತು. ಸಿಕ್ಕರೆ ಸರಿ. ಯಾವ ಫಲಕದಲ್ಲೂ ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲಿಸಿ, ಡ್ರಮ್‌ನಿಂದ ಆ ಪುಟ ತರಿಸಿ, ಮತ್ತೆ ಮುಂದುವರಿಸುತ್ತಿತ್ತು. ಪ್ರೋಗ್ರಾಂಗೆ ಇದಾವುದೂ ಗೊತ್ತೇ ಆಗುತ್ತಿರಲಿಲ್ಲ, ಕೇಳಿದ್ದು ಸಿಕ್ಕಿತು ಅಷ್ಟೇ.

ಹೊಸ ಪುಟ ಬಂದರೆ ಹಳೆಯದೊಂದು ಹೋಗಬೇಕಲ್ಲ? ಅಟ್ಲಾಸ್ ಯಾವಾಗಲೂ ಒಂದು ಜಾಗ ಖಾಲಿ ಇಟ್ಟುಕೊಂಡಿರುತ್ತಿತ್ತು, ಅತಿಥಿಗೆ ಒಂದು ತಟ್ಟೆ ಹೆಚ್ಚು ಇಟ್ಟ ಹಾಗೆ. ಅದು ತುಂಬಿದ ಮೇಲೆ, ಯಾವ ಪುಟದ ಬಳಕೆ ಹೇಗಿದೆ ಎಂದು ನೋಡಿ, ಸದ್ಯಕ್ಕೆ ಬೇಡವಾದದ್ದನ್ನು ಡ್ರಮ್‌ಗೆ ಸಾಗಹಾಕಲು ಒಂದು 'ಕಲಿಯುವ ಪ್ರೋಗ್ರಾಂ' ಇತ್ತು. 1962ರಲ್ಲಿ! ಅಟ್ಲಾಸ್ 1971ರಲ್ಲಿ ನಿಂತಿತು, ಆದರೆ ನಿಮ್ಮ ಫೋನು, ಲ್ಯಾಪ್‌ಟಾಪು ಇವತ್ತಿಗೂ ನೆನಪನ್ನು ಪುಟ ಪುಟವಾಗಿ ಹೀಗೇ ನೋಡಿಕೊಳ್ಳುತ್ತವೆ.

ಬರ್ಮಿಂಗ್‌ಹ್ಯಾಂ ಓದುಗರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪಾಲೂ ಇದೆ. ಡಡ್ಲಿಯಲ್ಲಿ 1913ರಲ್ಲಿ ಹುಟ್ಟಿದ ಮಾರಿಸ್ ವಿಲ್ಕ್ಸ್ ಕೇಂಬ್ರಿಜ್‌ನಲ್ಲಿ ಕೆಲಸ ಮಾಡುತ್ತಿದ್ದವರು. 1965ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬರೆದರು: ಒಮ್ಮೆ ತಂದದ್ದರ ಒಂದು ನಕಲನ್ನು ಪುಟ್ಟದಾದ, ಬಹಳ ವೇಗದ ನೆನಪಿನಲ್ಲಿ ಇಟ್ಟುಕೊಂಡರೆ ಎರಡನೇ ಸಲ ದೂರ ಹೋಗುವುದೇ ಬೇಡ. ಮೂರು ವರ್ಷದ ನಂತರ ಐಬಿಎಂ ಕಂಪನಿಯ ಯಂತ್ರವೊಂದರಲ್ಲಿ ಇಂಥ ನೆನಪು ಬಂದಾಗ ಅದಕ್ಕೆ 'ಕ್ಯಾಶ್' ಎಂಬ ಹೆಸರು ಬಿತ್ತು. ದುಡ್ಡಿನ ಕ್ಯಾಶ್ ಅಲ್ಲ. ಬಚ್ಚಿಡು ಎನ್ನುವ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಅಜ್ಜಿ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳುತ್ತಿದ್ದ ಚಿಲ್ಲರೆ ಇದೆಯಲ್ಲ, ಆ ಗಂಟಿಗೆ ಈ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಈಗ ಮತ್ತೆ ನನ್ನ ಪ್ರಶ್ನೆಗೆ ಬರುತ್ತೇನೆ. ಅಟ್ಲಾಸ್‌ನ ಜಾಣತನವೆಲ್ಲ ಆ 32 ಫಲಕಗಳಲ್ಲಿತ್ತು. ಕೇಳಿದ ಪುಟ ಇಲ್ಲಿ ಇಲ್ಲ ಎಂದು ಅದಕ್ಕೆ ಖಚಿತವಾಗಿ ಗೊತ್ತಾಗುತ್ತಿತ್ತು. ಇಲ್ಲ ಎಂದು ಗೊತ್ತಾದದ್ದನ್ನು ಮಾತ್ರ ತರಿಸಬಹುದು. ಅಜ್ಜನ ಫೈಲಿನಲ್ಲಿ ಎಡವಟ್ಟಾದದ್ದು ಇಲ್ಲೇ.

ಹಳೆಯ ನುಡಿ, ಹಳೆಯ ಬರಹ ಫಾಂಟುಗಳ ಕಾಲದಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಇರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳನ್ನೇ ಎರವಲು ಪಡೆದು, ಅವುಗಳ ಚಿತ್ರ ಮಾತ್ರ ಕನ್ನಡದ್ದು ಬರೆಯುತ್ತಿದ್ದರು. ನುಡಿಯಲ್ಲಿ 'ನ' ಅಕ್ಷರದ ಮೈ ಕೂತಿದ್ದದ್ದು ಪೌಂಡ್ ಚಿಹ್ನೆಯ ಜಾಗದಲ್ಲಿ. 'ನಾನು', 'ನಮ್ಮ', 'ನದಿ' ಎಂದು ಅಜ್ಜ ಬರೆದಲ್ಲೆಲ್ಲ ಒಂದೊಂದು ಪೌಂಡ್! ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್ ಏನು ಮಾಡಿತು? ಈ ಸಂಖ್ಯೆಗೆ ನನ್ನ ಬಳಿ ಚಿತ್ರ ಇದೆಯಲ್ಲ ಎಂದು ಪೌಂಡ್ ತೋರಿಸಿ ಸುಮ್ಮನಾಯಿತು. ಫೈಲಿನ ಒಳಗೆ ಫಾಂಟಿನ ಹೆಸರು ಬರೆದಿತ್ತು ನಿಜ. ಆದರೆ ಅದು ಸಿಗದಿದ್ದಾಗ ವರ್ಡ್ ಸದ್ದಿಲ್ಲದೆ ಇನ್ನೊಂದು ಫಾಂಟ್ ಹಾಕಿಕೊಂಡು ಮುಂದೆ ಹೋಯಿತು. ಅದರ ಮಟ್ಟಿಗೆ ಏನೂ ಕಾಣೆಯಾಗಿರಲಿಲ್ಲ.

ಯೂನಿಕೋಡ್ ಬಂದ ಮೇಲೆ ಇದು ಬದಲಾಯಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳು ಸಿಕ್ಕವು, 3200ರಿಂದ 3327ರವರೆಗೆ. 'ಕ' ಎಂದರೆ 3221. ಜಗತ್ತಿನ ಯಾವ ಕಂಪ್ಯೂಟರಿನಲ್ಲೂ 3221 ಎಂದರೆ 'ಕ', ಬೇರೆ ಏನೂ ಅಲ್ಲ. ಅದರ ಚಿತ್ರವಿರುವ ಫಾಂಟ್ ಇಲ್ಲದಿದ್ದರೆ ಪೌಂಡ್ ತೋರಿಸಿ ಜಾರಿಕೊಳ್ಳಲು ಆಗುವುದಿಲ್ಲ, ಖಾಲಿ ಚೌಕ ತೋರಿಸಬೇಕಾಗುತ್ತದೆ. ಆ ಚೌಕಗಳಿಗೆ ಫಾಂಟ್ ಮಾಡುವವರ ಮಾತಿನಲ್ಲಿ 'ತೋಫು' ಎನ್ನುತ್ತಾರೆ, ಸೋಯಾ ಪನೀರಿನ ತುಂಡಿನಂತೆ ಕಾಣುವುದರಿಂದ. ಗೂಗಲ್‌ನ 'ನೋಟೊ' ಫಾಂಟುಗಳ ಹೆಸರು ಬಂದದ್ದೂ 'ನೋ ತೋಫು' ಎನ್ನುವುದರಿಂದಲೇ. ಚೌಕ ಕಂಡರೆ ನಮಗೆಲ್ಲ ಸಿಟ್ಟು ಬರುತ್ತದೆ. ನಾನೀಗ ಚೌಕಗಳ ಪರ. ಚೌಕ ಪ್ರಾಮಾಣಿಕ. ಇಲ್ಲಿ ಒಂದು ಅಕ್ಷರ ಇದೆ, ಅದನ್ನು ತೋರಿಸುವ ವಸ್ತು ನನ್ನಲ್ಲಿಲ್ಲ ಎಂದು ಒಪ್ಪಿಕೊಳ್ಳುತ್ತದೆ.

ಶನಿವಾರದ ತರಗತಿಗೆ ಕಳಿಸುವ ವರ್ಕ್‌ಶೀಟ್ ಕೆಲವರ ಮನೆಯಲ್ಲಿ ಬೇರೆ ಫಾಂಟಿಗೆ ತಿರುಗಿ, ಸಾಲು ಮುರಿದು, ಒತ್ತಕ್ಷರ ಕೆಳಗಿನ ಗೆರೆಗೆ ತಾಗಿ ಬರುತ್ತದೆ ಎಂದು ಪೋಷಕರು ಹೇಳುತ್ತಲೇ ಇರುತ್ತಾರೆ. ಅದಕ್ಕೂ ಇದಕ್ಕೂ ನಂಟಿದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಜೊತೆಗೇ ಬರುತ್ತಿದ್ದ 'ತುಂಗಾ' ಫಾಂಟನ್ನು 2015ರ ವಿಂಡೋಸ್ 10ರಿಂದ ಬೇಕಾದವರು ತರಿಸಿಕೊಳ್ಳುವ ಪಟ್ಟಿಗೆ ಹಾಕಿದರು. ಇಂಗ್ಲಿಷ್ ವಿಂಡೋಸ್‌ನಲ್ಲಿ ಕನ್ನಡ ಕಾಣುತ್ತದೆ, 'ನಿರ್ಮಲಾ' ಫಾಂಟ್ ಇದೆ. ಆದರೆ ತುಂಗಾದಲ್ಲಿ ಮಾಡಿದ ಹಾಳೆ ತುಂಗಾದಂತೆ ಕಾಣುವುದಿಲ್ಲ. ಇದಕ್ಕೆ ಮಾಡಬೇಕಾದ್ದು ಇಷ್ಟೇ: ಸೆಟ್ಟಿಂಗ್ಸ್‌ಗೆ ಹೋಗಿ, ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ಆಡ್ ಎ ಲ್ಯಾಂಗ್ವೇಜ್ ಒತ್ತಿ, ಕನ್ನಡ ಸೇರಿಸಿ. ಕೀಬೋರ್ಡ್ ಸಿಗುತ್ತದೆ, ಫಾಂಟುಗಳನ್ನು ವಿಂಡೋಸ್ ತಾನೇ ತಂದು ಇಟ್ಟುಕೊಳ್ಳುತ್ತದೆ. ಬರದಿದ್ದರೆ ಆಪ್ಶನಲ್ ಫೀಚರ್ಸ್ ಪಟ್ಟಿಯಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂದು ಹುಡುಕಿ ಸೇರಿಸಿ. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಬೀಗ ಹಾಕಿರಬಹುದು, ಅಲ್ಲಿ ಗುದ್ದಾಡಬೇಡಿ. ಗೊತ್ತುಗುರಿಯಿಲ್ಲದ ತಾಣಗಳಿಂದ ಫಾಂಟ್ ಇಳಿಸಿಕೊಳ್ಳಲೂ ಬೇಡಿ.

ಹಾಳೆ ಕಳಿಸುವ ನಮ್ಮಂಥವರ ಜವಾಬ್ದಾರಿ ಇನ್ನೂ ದೊಡ್ಡದು. ವರ್ಡ್‌ನಲ್ಲಿ ಫೈಲ್, ಆಪ್ಶನ್ಸ್, ಸೇವ್ ಎಂದು ಹೋದರೆ ಎಂಬೆಡ್ ಫಾಂಟ್ಸ್ ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಫಾಂಟ್ ಫೈಲಿನ ಜೊತೆಗೇ ಹೋಗುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ಇನ್ನೂ ನೆಮ್ಮದಿ. ಬುತ್ತಿ ಕಟ್ಟಿ ಕಳಿಸಿದ ಮೇಲೆ ದಾರಿಯಲ್ಲಿ ಹೋಟೆಲ್ ಇದೆಯೋ ಇಲ್ಲವೋ ಎಂಬ ಚಿಂತೆ ಇರುವುದಿಲ್ಲ.

ಫೋನಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬೇಸಿಗೆ ರಜೆಗೆ ಊರಿಗೆ ಹೊರಡುವ ಮುಂಚೆ ಮನೆಯ ವೈಫೈಯಲ್ಲೇ ಜಿಬೋರ್ಡ್‌ಗೆ ಕನ್ನಡ ಸೇರಿಸಿ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡವನ್ನು ಡೌನ್‌ಲೋಡ್ ಮಾಡಿಟ್ಟರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅನುವಾದ ಕೆಲವೊಮ್ಮೆ ನಗು ತರಿಸುತ್ತದೆ, ಅದು ಬೇರೆ ಮಾತು. ದೊಡ್ಡ ಮಕ್ಕಳಿಗೆ 'ಕೀವಿಕ್ಸ್' ಎಂಬ ಉಚಿತ ತಂತ್ರಾಂಶ ಹೇಳುತ್ತೇನೆ: 30 ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಾಗಿ ಇಳಿಸಿಕೊಂಡು ವಿಮಾನದಲ್ಲಿ ಓದಬಹುದು.

ಆದರೆ ಇಳಿಸಿಕೊಂಡಿದ್ದೇವೆ ಎಂದುಕೊಳ್ಳುವುದಕ್ಕೂ ಅದು ನಿಜವಾಗಿ ಇರುವುದಕ್ಕೂ ವ್ಯತ್ಯಾಸವಿದೆ. ಫೆಬ್ರವರಿಯ ಹಾಫ್ ಟರ್ಮ್‌ನಲ್ಲಿ ಮ್ಯಾಂಚೆಸ್ಟರಿಗೆ ಹೋಗುವಾಗ ಮಗಳು ಟ್ಯಾಬ್ಲೆಟ್‌ನಲ್ಲಿ ಕನ್ನಡ ಕಥೆ ಕೇಳುತ್ತಿದ್ದಳು. ಹಡರ್ಸ್‌ಫೀಲ್ಡ್ ದಾಟಿ ಸ್ಟ್ಯಾಂಡೆಜ್ ಸುರಂಗ ಬಂತು. ಹೆಚ್ಚುಕಡಿಮೆ ಐದು ಕಿಲೋಮೀಟರ್ ಕತ್ತಲೆ. ಹುಲಿ ಬಾಯಿ ತೆರೆಯಿತು ಎನ್ನುವಲ್ಲಿಗೆ ಕಥೆ ನಿಂತೇಹೋಯಿತು. ಹಿಂದಿನ ರಾತ್ರಿ ಪೂರ್ತಿ ಕೇಳಿದ್ದಳು, ಹಾಗಾಗಿ ಒಳಗೆ ಇರುತ್ತದೆ ಎಂದುಕೊಂಡಿದ್ದೆವು. ಕ್ಯಾಶ್‌ನಲ್ಲಿದ್ದದ್ದು ನಮ್ಮನ್ನು ಕೇಳದೆ ಹೋಗಿತ್ತು. ಕ್ಯಾಶ್‌ನ ಸ್ವಭಾವವೇ ಅದು. ಜಾಗ ಸಾಲದಿದ್ದರೆ ಅಟ್ಲಾಸ್‌ನ ಕಲಿಯುವ ಪ್ರೋಗ್ರಾಂನಂತೆ ಯಾವುದನ್ನೋ ತೆಗೆದುಹಾಕುತ್ತದೆ. ನಾವಾಗಿ ಡೌನ್‌ಲೋಡ್ ಗುಂಡಿ ಒತ್ತಿ ಇಟ್ಟುಕೊಂಡದ್ದಕ್ಕೆ ಆ ಭಯ ಕಡಿಮೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ: ಹೊರಡುವ ಹಿಂದಿನ ದಿನ ಟ್ಯಾಬ್ಲೆಟ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಆಫ್ ಮಾಡಿ ಆನ್ ಮಾಡಿ, ಬೇಕಾದ್ದೆಲ್ಲ ತೆರೆಯುತ್ತದೆಯೇ ನೋಡುವುದು. ತೆರೆಯದೇ ಇದ್ದದ್ದು ಯಾವುದೋ ಅದನ್ನು ಮಾತ್ರ ತರಿಸಿಕೊಳ್ಳುವುದು. ಮಕ್ಕಳೇ, ಈ ಕೆಲಸ ನೀವೇ ವಹಿಸಿಕೊಳ್ಳಿ, ಅಪ್ಪ ಅಮ್ಮಂದಿರಿಗೆ ಸೂಟ್‌ಕೇಸ್ ತೂಗುವ ಗಡಿಬಿಡಿ ಇರುತ್ತದೆ.

ಇನ್ನು ಅಜ್ಜನ ಫೈಲಿಗೆ ಏನಾಯಿತು ಎಂದು ಹೇಳಬೇಕಲ್ಲ. ಮೊದಲು ಸಿಡಿಯಲ್ಲಿದ್ದದ್ದನ್ನೆಲ್ಲ ಹಾಗೇ ಎರಡು ಕಡೆ ನಕಲು ಮಾಡಿದೆವು. ಮೂಲವನ್ನು ಮುಟ್ಟುವುದಿಲ್ಲ ಎಂದು ಮನೆಯಲ್ಲಿ ನಿಯಮವಾಯಿತು. ಆಮೇಲೆ ನುಡಿ ತಂತ್ರಾಂಶವನ್ನು ಲ್ಯಾಪ್‌ಟಾಪಿಗೆ ಹಾಕಿದೆವು. ಮತ್ತೆ ಫೈಲ್ ತೆರೆದರೆ ಪೌಂಡ್‌ಗಳೆಲ್ಲ 'ನ' ಆಗಿ, ಮೊದಲ ಸಾಲು ಕಂಡಿತು. ನನ್ನ ಗಂಡ ಕುರ್ಚಿ ಎಳೆದುಕೊಂಡು ಕೂತವರು ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ.

ಆದರೆ ಅದು ನಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಸರಿ. ಅದೇ ಸಾಲನ್ನು ನಾದಿನಿಗೆ ವಾಟ್ಸ್ಯಾಪ್‌ನಲ್ಲಿ ಅಂಟಿಸಿ ಕಳಿಸಿದರೆ ಅಲ್ಲಿ ಮತ್ತೆ ಪೌಂಡ್. ಹಾಗಾಗಿ ಪೂರ್ತಿ ಯೂನಿಕೋಡಿಗೆ ಬದಲಿಸಲೇಬೇಕಿತ್ತು. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಪರಿವರ್ತಕಗಳಿವೆ, ಕನ್ನಡದ ಸ್ವಯಂಸೇವಕರು ಮಾಡಿಟ್ಟ ಉಚಿತ ಪರಿವರ್ತಕಗಳೂ ಇವೆ. ನಿಮ್ಮ ಮನೆಯಲ್ಲೂ ಹಳೆಯ ಸಿಡಿ, ಪೆನ್‌ಡ್ರೈವ್‌ಗಳಲ್ಲಿ ಇಂಥ ಫೈಲ್ ಇದ್ದರೆ ಕಸ ಎಂದು ಅಳಿಸಬೇಡಿ, ಒಮ್ಮೆ ಹಾಕಿ ನೋಡಿ. ನಲವತ್ತು ಪುಟ ಬದಲಾಗಲು ನಮಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ತಿದ್ದಲು ತಿಂಗಳುಗಳೇ ಹಿಡಿಯುತ್ತಿವೆ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅಲ್ಲಲ್ಲಿ ಎಡವಿದೆ. ಕರ್ನಾಟಕ ಎಂಬುದು 'ಕನಾರ್ಟಕ' ಆಗಿದೆ. ಇಂಥದ್ದನ್ನು ನಾವೇ ಸರಿ ಮಾಡಬಹುದು. ಊರಿನ ಗದ್ದೆಗಳ ಹೆಸರು, ಎತ್ತುಗಳ ಹೆಸರು, ಹಳ್ಳದ ಹೆಸರು ಮಾವನೊಬ್ಬರಿಗೇ ಗೊತ್ತು. ಭಾನುವಾರ ಇಲ್ಲಿಯ ಒಂಬತ್ತೂವರೆಗೆ, ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ಅವರ ಊಟವಾದ ಮೇಲೆ ಫೋನ್ ಮಾಡುತ್ತೇವೆ. ಮಗಳು ಓದುತ್ತಾಳೆ, ಅವರು ಕೇಳುತ್ತಾ ತಿದ್ದುತ್ತಾರೆ. ಶನಿವಾರದ ತರಗತಿಯಲ್ಲಿ ಎರಡು ಸಾಲಿಗೆ ಸುಸ್ತಾಗುವವಳು ಇಲ್ಲಿ ಒಂದು ಪುಟ ಓದುತ್ತಾಳೆ.

ಮೊನ್ನೆ ಪರದೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ, ಗಂಭೀರವಾಗಿ, "ಸೂಯರ್ ಮುಳುಗಿದ" ಎಂದು ಓದಿದಳು. ಆ ಕಡೆಯಿಂದ ಕೆಮ್ಮು ಬರುವಷ್ಟು ನಗು. "ಅವನು ಮುಳುಗೋ ಮುಂಚೆ ರ ಸರಿ ಮಾಡು ಪುಟ್ಟಿ" ಎಂದರು ಮಾವ. ಹದಿನೇಳನೇ ಪುಟದಲ್ಲಿದ್ದೇವೆ. ಸಂಕ ಮಳೆಗೆ ಕೊಚ್ಚಿಹೋಗಿದೆ, ಹುಡುಗರು ಶಾಲೆಯಲ್ಲೇ ರಾತ್ರಿ ಉಳಿದಿದ್ದಾರೆ. ಮುಂದೇನಾಯಿತು ಎಂದು ನೋಡಲು ಹದಿನೆಂಟಕ್ಕೆ ಹೋಗಬಾರದು, ಭಾನುವಾರದವರೆಗೆ ಕಾಯಬೇಕು ಎಂದು ಮಗಳು ನಮಗೆಲ್ಲ ಹೇಳಿಬಿಟ್ಟಿದ್ದಾಳೆ.